ಚಲಿಸುವ ಚಿತ್ರಕ್ಕೊಂದು ವಿಳಾಸ

ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ. ಬೆಳಗಿನ ಏಳು ಗಂಟೆಗೆ ನಾಗರಬಾವಿಯ ನಮ್ಮ ಬಡಾವಣೆಯ ರಾಜಕಾಲುವೆಯ ಪಕ್ಕದಲ್ಲಿ ಒಂದು ಪುಟ್ಟ ಮೆರವಣಿಗೆ ಹೊರಟಿತು. ಮುಂದೆ ನಾನು, ಹಿಂದೆ ಹೈಸ್ಕೂಲಿನ ಐವರು ಮಕ್ಕಳು. ಒಬ್ಬನ ಕೈಯಲ್ಲಿ ನನ್ನ ಹಳೆಯ ವಿಡಿಯೊ ಕ್ಯಾಮೆರಾ, ಒಬ್ಬಳ ಕೈಯಲ್ಲಿ ಮೊಬೈಲ್ ಫೋನು. ಕಾಲುವೆಗೆ ಎಲ್ಲೆಲ್ಲಿ ಕಸ ಸುರಿದಿದ್ದಾರೆ, ಎಲ್ಲಿ ತಡೆಗೋಡೆ ಕುಸಿದಿದೆ ಎಂಬುದನ್ನು ಚಿತ್ರೀಕರಿಸಿ, ಪ್ರತಿಯೊಂದನ್ನೂ ನಕ್ಷೆಯ ಮೇಲೆ ಗುರುತಿಸುವುದು ನಮ್ಮ ಉದ್ದೇಶ. ಕಾಲುವೆ ಕಟ್ಟಿಕೊಂಡರೆ ಮಳೆ ನೀರು ಎಲ್ಲಿಗೆ ನುಗ್ಗುತ್ತದೆ ಎಂಬುದನ್ನು ತಗ್ಗಿನ ಮನೆಗಳವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿ, ನಕ್ಷೆಯ ಜೊತೆ ನಿವಾಸಿಗಳ ಸಂಘಕ್ಕೆ ಕಳಿಸಿದೆವು. ಎರಡು ದಿನ ಕಳೆಯಿತು. ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಾಗಿಲಿಗೆ ಬಂದರು.

‘ಮೇಷ್ಟ್ರೇ, ಆ ಕಸದ ರಾಶಿ ನಮ್ಮನೆ ಗೇಟ್ ಮುಂದೆ ಎಲ್ಲಿದೆ, ಬಂದು ತೋರಿಸಿ. ದಿನಾ ಬೆಳಿಗ್ಗೆ ನಾನೇ ಗುಡಿಸಿ ನೀರು ಹಾಕೋ ಜಾಗ ಅದು. ಈಗ ಬೀದಿಯವರೆಲ್ಲ ನನ್ನ ಮುಖ ನೋಡ್ತಿದ್ದಾರೆ.’

ಹೋಗಿ ನೋಡಿದೆ. ಅವರ ಗೇಟಿನ ಮುಂದೆ ಒಂದು ಒಣಗಿದ ಎಲೆಯೂ ಇರಲಿಲ್ಲ. ಕಸದ ರಾಶಿ ಇದ್ದದ್ದು ಸುಮಾರು ಎಂಬತ್ತು ಮೀಟರ್ ಆಚೆಗೆ. ವಿಡಿಯೊ ಸುಳ್ಳು ಹೇಳಿರಲಿಲ್ಲ, ನಕ್ಷೆಯೂ ಸುಳ್ಳು ಹೇಳಿರಲಿಲ್ಲ. ಅವೆರಡನ್ನೂ ಜೋಡಿಸಿದ ವಿಜ್ಞಾನದ ಮೇಷ್ಟ್ರು ತಪ್ಪಿದ್ದರು. ಹೇಗೆಂದು ತಿಳಿಯಬೇಕಾದರೆ ಫೋನಿಗೆ ತಾನಿರುವ ಜಾಗ ಗೊತ್ತಾಗುವ ಬಗೆಯನ್ನು ಮೊದಲು ನೋಡಬೇಕು.

ಆಕಾಶದಲ್ಲಿ ಗಡಿಯಾರ

ನಾಗರಬಾವಿ ಇರುವುದು ಸುಮಾರು 12.96 ಡಿಗ್ರಿ ಉತ್ತರ ಅಕ್ಷಾಂಶ, 77.51 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಬರೆದರೆ ಬಡಾವಣೆ ಸಿಗುತ್ತದೆ, ಮೂರು ಬರೆದರೆ ಬೀದಿ, ಐದು ಬರೆದರೆ ಹೆಚ್ಚು ಕಡಿಮೆ ಮನೆಯ ಹೊಸಿಲು.

ಈ ಅಂಕಿಗಳನ್ನು ಫೋನು ಪಡೆಯುವುದು ಉಪಗ್ರಹಗಳಿಂದ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಅವು ಸದಾ ಸಾರುತ್ತಿರುತ್ತವೆ. ಸಂಕೇತ ಬಂದು ತಲುಪಲು ಹಿಡಿದ ಹೊತ್ತಿನಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನಿರುವ ಜಾಗ ಗೊತ್ತಾಗುತ್ತದೆ. ಬಯಲಿನಲ್ಲಿ ನಿಂತರೆ ಸುಮಾರು ಐದು ಮೀಟರಿನಷ್ಟು ನಿಖರತೆ. ಎತ್ತರದ ಕಟ್ಟಡಗಳ ನಡುವೆ ಅಷ್ಟು ಭರವಸೆ ಬೇಡ.

ಇಲ್ಲಿ ಗಡಿಯಾರವೇ ಅಳತೆಗೋಲು. ಅದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹ ಹಾರಿಸುವವರು ಸಮಯ ಕಾಯುವುದಕ್ಕೆಂದೇ ಕೇಂದ್ರಗಳನ್ನು ಕಟ್ಟುತ್ತಾರೆ. ನಮ್ಮ ದೇಶದ ‘ನಾವಿಕ್’ ವ್ಯವಸ್ಥೆಗೆ ಅಂಥ ಕೇಂದ್ರವಿರುವುದು ದೂರದಲ್ಲೇನಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಹೋದರೆ ಬ್ಯಾಲಾಳು ಎಂಬ ಊರು. ಅಲ್ಲಿನ ಇಸ್ರೋ ಪಥದರ್ಶಕ ಕೇಂದ್ರ 2013ರ ಮೇ ತಿಂಗಳಲ್ಲಿ ಆರಂಭವಾಯಿತು. ನಾವಿಕ್ ಸರಣಿಯ ಮೊದಲ ಉಪಗ್ರಹ ಹಾರಿದ್ದು ಅದೇ ವರ್ಷದ ಜುಲೈ 1ರಂದು.

ಚಿತ್ರ ಒಂದು ಕಡೆ, ಜಾಗ ಒಂದು ಕಡೆ

ಫೋನಿನಲ್ಲಿ ವಿಡಿಯೊ ತೆಗೆದರೆ ಜಾಗವೂ ಅದರೊಳಗೇ ದಾಖಲಾಗುವುದಿಲ್ಲವೇ ಎಂದು ನೀವು ಕೇಳಬಹುದು. ದಾಖಲಾಗುತ್ತದೆ, ಆದರೆ ಸಾಮಾನ್ಯವಾಗಿ ಒಂದೇ ಒಂದು ಬಿಂದು. ನಾಗರಬಾವಿ ಸರ್ಕಲ್ಲಿನಲ್ಲಿ ಗುಂಡಿ ಒತ್ತಿ ಕೆಂಗೇರಿಯವರೆಗೆ ಚಿತ್ರಿಸುತ್ತ ಹೋದರೂ ಆ ವಿಡಿಯೊದ ವಿಳಾಸ ನಾಗರಬಾವಿ ಸರ್ಕಲ್ಲೇ! ದಾರಿಯುದ್ದಕ್ಕೂ ಜಾಗ ಬೇಕಾದರೆ, ಸೆಕೆಂಡಿಗೊಮ್ಮೆ ಸ್ಥಳವನ್ನು ಬರೆದುಕೊಳ್ಳುವ ಪಥದಾಖಲೆ ಬೇರೆಯೇ ಬೇಕು. ಆಮೇಲೆ ಎರಡನ್ನೂ ಹೊಲಿಯಬೇಕು. ಹೊಲಿಯುವ ದಾರವೇ ಸಮಯ. ವಿಡಿಯೊದಲ್ಲಿ ಕಸದ ರಾಶಿ ಕಂಡದ್ದು ಏಳು ಗಂಟೆ ಹತ್ತು ನಿಮಿಷಕ್ಕೆ, ಆ ಹೊತ್ತಿಗೆ ನಾವು ಎಲ್ಲಿದ್ದೆವು ಎಂದು ಪಥದಾಖಲೆಯನ್ನು ಕೇಳಬೇಕು.

ನಾವು ಮಾಡಿದ್ದೂ ಅದನ್ನೇ. ಆದರೆ ಕೈಯಿಂದ ಸಮಯ ಹೊಂದಿಸಿದ್ದ ನನ್ನ ಹಳೆಯ ಕ್ಯಾಮೆರಾದ ಗಡಿಯಾರ ಒಂದು ನಿಮಿಷ ಹಿಂದಿತ್ತು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆಯುವ ಮನುಷ್ಯ ಒಂದು ನಿಮಿಷದಲ್ಲಿ ಸುಮಾರು 83 ಮೀಟರ್ ಹೋಗಿರುತ್ತಾನೆ. ನಾವು ದಾಟಿ ಬಂದಿದ್ದ ಗೇಟಿನ ಮುಂದಕ್ಕೆ ಮುಂದಿನ ಕಸ ಹೋಗಿ ಬಿತ್ತು. ಏಳನೇ ತರಗತಿಯ ವೇಗ, ದೂರ, ಕಾಲದ ಲೆಕ್ಕ. ವರ್ಷಗಟ್ಟಲೆ ಪಾಠ ಮಾಡಿದವನಿಗೆ ಅದು ಮನೆ ಬಾಗಿಲಿಗೆ ಬಂದು ಪಾಠ ಹೇಳಿತು.

ಆಸ್ಪೆನ್‌ನಿಂದ ಬೆಂಗಳೂರಿಗೆ

ಚಲಿಸುವ ಚಿತ್ರವನ್ನೂ ನಕ್ಷೆಯನ್ನೂ ಬೆಸೆಯುವ ಹಂಬಲ ಹೊಸದಲ್ಲ. 1978ರಲ್ಲಿ ಅಮೆರಿಕದ ಎಂಐಟಿ ತಜ್ಞರು ಕೊಲೊರಾಡೊದ ಆಸ್ಪೆನ್ ಪಟ್ಟಣದಲ್ಲಿ ಕಾರಿನ ಮೇಲೆ ನಾಲ್ಕು ಕ್ಯಾಮೆರಾ ಕಟ್ಟಿ, ಹತ್ತು ಅಡಿಗೊಂದರಂತೆ ಬೀದಿಗಳ ಚಿತ್ರ ತೆಗೆದರು. ನೋಡುವವರು ಪರದೆಯ ಮುಂದೆ ಕುಳಿತೇ ಎಡಕ್ಕೆ, ಬಲಕ್ಕೆ ತಿರುಗುತ್ತ ಊರು ಸುತ್ತಬಹುದಿತ್ತು. ಮುಂದೆ 2007ರಲ್ಲಿ ಗೂಗಲ್ ಅರ್ಥ್‌ನ ಭೂಗೋಳದ ಮೇಲೆ ಆಯಾ ಸ್ಥಳದ ಯೂಟ್ಯೂಬ್ ವಿಡಿಯೊಗಳು ಕಾಣಿಸಿಕೊಂಡವು. ಗೂಗಲ್‌ನ ‘ಸ್ಟ್ರೀಟ್ ವ್ಯೂ’ ಶುರುವಾದದ್ದೂ ಅದೇ ವರ್ಷ. ಇದು ವಿಡಿಯೊ ಅಲ್ಲ, ಆಸ್ಪೆನ್‌ನ ಹಾಗೆ ಸಾಲಾಗಿ ತೆಗೆದ ಚಿತ್ರಗಳು. ಪ್ರತಿ ಚಿತ್ರಕ್ಕೂ ಅದರದೇ ವಿಳಾಸ.

ಈ ಕಾರು 2011ರ ಮೇ ತಿಂಗಳಲ್ಲಿ ಬೆಂಗಳೂರಿಗೂ ಬಂತು. ಭದ್ರತೆಯ ಆತಂಕದಿಂದ ಪೊಲೀಸರು ಜೂನ್‌ನಲ್ಲೇ ಅದನ್ನು ನಿಲ್ಲಿಸಿದರು. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿದ ಮೇಲೆ, 2022ರ ಜುಲೈನಲ್ಲಿ ಭಾರತೀಯ ಕಂಪನಿಗಳ ಜೊತೆಗೂಡಿ ಬೆಂಗಳೂರು ಸೇರಿದಂತೆ ಹತ್ತು ನಗರಗಳಲ್ಲಿ ಈ ಸೌಲಭ್ಯ ಮತ್ತೆ ಬಂತು. ದಾರಿಹೋಕರ ಮುಖ, ವಾಹನಗಳ ನಂಬರ್ ಫಲಕಗಳನ್ನು ಅದರಲ್ಲಿ ಮಸುಕು ಮಾಡುತ್ತಾರೆ.

ನಾವು ಅದನ್ನೂ ಮಾಡಿರಲಿಲ್ಲ. ನಮ್ಮ ವಿಡಿಯೊದಲ್ಲಿ ಗೇಟು, ಮನೆಯ ನಂಬರು ಎಲ್ಲವೂ ಸ್ಪಷ್ಟ. ಜಾಗವಿಲ್ಲದ ವಿಡಿಯೊದಲ್ಲಿ ಕಸ ಯಾರದೂ ಅಲ್ಲ. ಜಾಗ ಸೇರಿದೊಡನೆ ಅದು ಒಬ್ಬರ ಮೇಲೆ ದೂರು. ಮಗುವಿನ ಹುಟ್ಟುಹಬ್ಬದ ವಿಡಿಯೊಗೆ ಮನೆಯ ಅಕ್ಷಾಂಶ, ರೇಖಾಂಶ ಅಂಟಿಸಿ ಊರಿಗೆಲ್ಲ ಹಂಚುವವರೂ ಇದನ್ನು ಯೋಚಿಸಬೇಕು. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಲು ಅರ್ಧ ನಿಮಿಷ ಸಾಕು.

ಎರಡನೇ ಭಾನುವಾರ

ತಪ್ಪು ವಿಡಿಯೊವನ್ನು ತೆಗೆದುಹಾಕಿ, ಸಂಘದ ಸಭೆಯಲ್ಲಿ ಎದ್ದು ನಿಂತು ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಮತ್ತೆ ಹೊರಟೆವು. ಈ ಸಲ ಮೊದಲ ಕೆಲಸ, ಫೋನಿನ ಪರದೆಯ ಮೇಲೆ ಸೆಕೆಂಡು ಸಮೇತ ಓಡುವ ಗಡಿಯಾರವನ್ನು ಕ್ಯಾಮೆರಾದಿಂದ ಚಿತ್ರಿಸಿಕೊಂಡದ್ದು. ಎರಡು ಗಡಿಯಾರಗಳ ವ್ಯತ್ಯಾಸ ವಿಡಿಯೊದೊಳಗೇ ದಾಖಲಾಗುವುದರಿಂದ ಆಮೇಲೆ ಕಳೆದರಾಯಿತು. ಪ್ರತಿ ರಾಶಿಯ ಮುಂದೆ ಅರ್ಧ ನಿಮಿಷ ನಿಂತೆವು. ನಿಂತವನಿಗೆ ಸಮಯ ತಪ್ಪಿದರೂ ಜಾಗ ತಪ್ಪುವುದಿಲ್ಲ. ಕಳಿಸುವ ಮುನ್ನ ಮಕ್ಕಳು ನಕ್ಷೆ ಹಿಡಿದು ಒಂದೊಂದು ಗುರುತನ್ನೂ ನಡೆದು ನೋಡಿ ಬಂದರು.

ಅವರ ಜೊತೆಯಲ್ಲಿ ನಡೆದವರು ಅದೇ ಹಿರಿಯರು. ಯಾವ ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾರ ಮನೆಗೆ ಎಷ್ಟು ನೀರು ನುಗ್ಗಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಮ್ಮ ಉಪಗ್ರಹಗಳಿಗೆ ಕಾಣದ ಎರಡು ಜಾಗಗಳನ್ನು ಅವರೇ ತೋರಿಸಿಕೊಟ್ಟರು.

ಈಗ ಹಾಲಿನ ಬೂತಿನ ಹತ್ತಿರ ಸಿಕ್ಕಾಗಲೆಲ್ಲ ಅವರ ಪ್ರಶ್ನೆ ಒಂದೇ: ‘ಏನ್ ಮೇಷ್ಟ್ರೇ, ಗಡಿಯಾರ ಸರಿಯಾಗಿದೆ ತಾನೆ?’