ಕೊಟ್ಟಿಗೆಯ ಕರೆಂಟಿಗೂ ಲೆಕ್ಕ ಇಡಿ



ಸಂಘದಲ್ಲಿ ಹಾಲು ಅಳೆದ ಕೂಡಲೇ ಎಷ್ಟು ಲೀಟರ್, ಎಷ್ಟು ಫ್ಯಾಟ್, ಬಟವಾಡೆ ಎಷ್ಟು ಬರುತ್ತದೆ ಎಂದು ನೀವು ಬಾಯಲ್ಲೇ ಲೆಕ್ಕ ಹಾಕುತ್ತೀರಿ. ಕರೆಂಟಿನ ಲೆಕ್ಕ ಅದಕ್ಕಿಂತ ಕಷ್ಟದ್ದೇನಲ್ಲ. ಕೊಟ್ಟಿಗೆಗೆ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ನೀರಿನ ಮೋಟರ್ ಬಂದ ಮೇಲೆ ಇದನ್ನು ಗಂಡಸರಿಗೋ ವೈರ್‌ಮನ್‌ಗೋ ಬಿಟ್ಟು ಕೂರುವಂತಿಲ್ಲ. ಸ್ವಿಚ್ ಒತ್ತುವ ಕೈ ನಿಮ್ಮದು, ಅಲ್ಲೇ ಕಟ್ಟಿರುವ ಎಮ್ಮೆಯೂ ನಿಮ್ಮದು.

ನಾಲ್ಕು ಪದ, ಎರಡು ಸೂತ್ರ

ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಒತ್ತಡ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಲ್ಲಿ ನೀರು ಜೋರಾಗಿ ಬರುವ ಹಾಗೆ. ಆಂಪಿಯರ್ ಎಂದರೆ ಹರಿಯುವ ಪ್ರಮಾಣ. ಓಮ್ ಎಂದರೆ ದಾರಿಯಲ್ಲಿನ ಅಡ್ಡಿ, ಅಂದರೆ ರೋಧ. ಸಣ್ಣ ಪೈಪಿನಲ್ಲಿ ನೀರು ತಡೆದು ಬರುತ್ತದಲ್ಲ, ಹಾಗೆ. ವ್ಯಾಟ್ ಎಂದರೆ ಬಳಕೆಯಾಗುವ ಶಕ್ತಿ.

ರೋಧ = ವೋಲ್ಟ್ ÷ ಆಂಪಿಯರ್
ಶಕ್ತಿ = ವೋಲ್ಟ್ × ಆಂಪಿಯರ್

ಮೊದಲನೆಯದನ್ನು ಜರ್ಮನಿಯ ಓಮ್ ಎಂಬ ವಿಜ್ಞಾನಿ 1827ರಲ್ಲಿ ಪ್ರಕಟಿಸಿದರು. 1000 ವ್ಯಾಟ್ ಒಂದು ಗಂಟೆ ಉರಿದರೆ ಮೀಟರಿನಲ್ಲಿ 1 ಯೂನಿಟ್.

ನೀರು ಕಾಯಲು ತಡವೇಕೆ?

ಹಾಲಿನ ಪಾತ್ರೆ ತೊಳೆಯಲು ನೀರು ಕಾಯಿಸುವ ರಾಡು 230 ವೋಲ್ಟ್‌ನಲ್ಲಿ 6.5 ಆಂಪಿಯರ್ ಎಳೆಯುತ್ತದೆ ಎನ್ನಿ. ರೋಧ 230 ÷ 6.5, ಅಂದರೆ ಸುಮಾರು 35.4 ಓಮ್. ಶಕ್ತಿ 230 × 6.5, ಅಂದರೆ 1495 ವ್ಯಾಟ್. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೂ ರಾಡಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಗ ಹರಿಯುವುದು 5.1 ಆಂಪಿಯರ್, ಸಿಗುವ ಶಕ್ತಿ ಸುಮಾರು 915 ವ್ಯಾಟ್. ರಾಡು ಕೆಟ್ಟಿಲ್ಲ, ಒತ್ತಡ ಇಳಿದಿದೆ.

ಮೋಟರಿಗೆ ಇನ್ನೊಂದು ಅಂಕಿ

ಮೋಟರಿನ ಮೇಲಿನ ಫಲಕದಲ್ಲಿ ವೋಲ್ಟ್, ಆಂಪಿಯರ್ ಜೊತೆಗೆ ಹಲವು ಸಲ ಪವರ್ ಫ್ಯಾಕ್ಟರ್ ಕೂಡ ಇರುತ್ತದೆ. ಅದರಿಂದಲೂ ಗುಣಿಸಬೇಕು. 2 ಎಚ್‌ಪಿ ಯಂತ್ರದಲ್ಲಿ 230 ವೋಲ್ಟ್, 10 ಆಂಪಿಯರ್, 0.9 ಎಂದಿದ್ದರೆ 230 × 10 × 0.9 = 2070 ವ್ಯಾಟ್. ದಿನಕ್ಕೆ ಅರ್ಧ ಗಂಟೆ ಕಣಿಕೆ ಕತ್ತರಿಸಿದರೆ ಸುಮಾರು 1 ಯೂನಿಟ್, ತಿಂಗಳಿಗೆ 30ರ ಆಸುಪಾಸು. ಬಿಲ್ಲು ಇದಕ್ಕಿಂತ ಬಹಳ ಹೆಚ್ಚು ಬಂದರೆ ಬೇರೆಲ್ಲೋ ಸೋರಿಕೆ ಇದೆಯೇ ಎಂದು ನೋಡಿಸಿ.

ತಂತಿಯೂ ಕರೆಂಟು ತಿನ್ನುತ್ತದೆ

ನಮ್ಮ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದೆ. ಆದರೂ ದೇವದುರ್ಗ, ಮಾನ್ವಿ ಕಡೆ ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಇಳಿಯುವುದುಂಟು. ತಂತಿಗೂ ರೋಧವಿದೆ, ಲೈನು ಉದ್ದವಾದಷ್ಟೂ, ಅದರ ಮೇಲೆ ಮೋಟರುಗಳು ಹೆಚ್ಚಿದಷ್ಟೂ ದಾರಿಯಲ್ಲೇ ವೋಲ್ಟ್ ಕರಗುತ್ತದೆ.

ಇದೇ ಕಥೆ ನಿಮ್ಮ ಅಂಗಳದಲ್ಲೂ ನಡೆಯುತ್ತದೆ. ಮನೆಯಿಂದ ಕೊಟ್ಟಿಗೆಗೆ 40 ಮೀಟರ್ ಇದ್ದರೆ ಹೋಗಿ ಬರುವ ತಂತಿ 80 ಮೀಟರ್. 0.75 ಚದರ ಮಿಲಿಮೀಟರಿನ ಸಣ್ಣ ತಾಮ್ರದ ವೈರಾದರೆ ಅದರ ರೋಧ ಸುಮಾರು 2 ಓಮ್. 10 ಆಂಪಿಯರ್ ಹರಿದರೆ 20 ವೋಲ್ಟ್ ವೈರಿನಲ್ಲೇ ಹೋಯಿತು; 20 × 10 = 200 ವ್ಯಾಟ್ ಬರೀ ವೈರು ಬಿಸಿಯಾಗಲು. 2.5 ಚದರ ಮಿಲಿಮೀಟರಿನ ವೈರಾದರೆ ನಷ್ಟ 6 ವೋಲ್ಟ್, 60 ವ್ಯಾಟ್. ಮೋಟರ್ ಚಾಲೂ ಆಗುವ ಗಳಿಗೆಯಲ್ಲಿ ಹಲವು ಪಟ್ಟು ಹೆಚ್ಚು ಆಂಪಿಯರ್ ಬೇಕು. ಆಗ ಸಣ್ಣ ವೈರಿನಲ್ಲಿ ವೋಲ್ಟ್ ಇನ್ನೂ ಕುಸಿದು, ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ಸಡಿಲ ಜೋಡಣೆ ಇನ್ನೂ ಅಪಾಯ. ತಿರುಚಿ ಟೇಪು ಸುತ್ತಿದ ಜಾಗದಲ್ಲಿ ಅರ್ಧ ಓಮ್ ರೋಧವಿದ್ದರೂ 10 ಆಂಪಿಯರಿಗೆ 5 ವೋಲ್ಟ್ ಅಲ್ಲೇ ನಷ್ಟ. ಅಂದರೆ 50 ವ್ಯಾಟ್ ಬಿಸಿ, ಅದೂ ಬೆರಳಗಲದ ಜಾಗದಲ್ಲಿ. ಪಕ್ಕದಲ್ಲಿ ಒಣ ಕಣಿಕೆಯೋ ಭತ್ತದ ಹುಲ್ಲೋ ಇದ್ದರೆ ಬಣವೆ ಸುಡಲು ಅಷ್ಟು ಸಾಕು.

ಮೂಕಪ್ರಾಣಿ ಹೇಳುವುದಿಲ್ಲ

ಆಕಳ ಮೈಯ ರೋಧವನ್ನು ತಜ್ಞರು ಸುಮಾರು 500 ಓಮ್ ಎಂದು ಹಿಡಿಯುತ್ತಾರೆ. ಕಬ್ಬಿಣದ ನೀರಿನ ತೊಟ್ಟಿಗೆ ಬರೀ 2 ವೋಲ್ಟ್ ಸೋರಿದರೂ 2 ÷ 500 = 0.004 ಆಂಪಿಯರ್, ಅಂದರೆ 4 ಮಿಲಿಆಂಪಿಯರ್ ಅದರ ಮೈಯಲ್ಲಿ ಹರಿಯುತ್ತದೆ. ನಿಮ್ಮ ಕೈಗೆ ಅದು ತಿಳಿಯದೇ ಹೋಗಬಹುದು, ಒದ್ದೆ ನೆಲದಲ್ಲಿ ನಿಂತ ಆಕಳಿಗೆ ತಿಳಿಯುತ್ತದೆ. ತೊಟ್ಟಿಗೆ ಬಾಯಿ ಹಾಕಿ ಹಿಂದೆ ಸರಿಯುತ್ತದೆ, ಕರೆಯುವಾಗ ಒದೆಯುತ್ತದೆ, ಸೊರ ಬಿಡುವುದಿಲ್ಲ. ನೀರು ಕಡಿಮೆ ಕುಡಿದರೆ ಹಾಲೂ ಕಡಿಮೆ. ಕೆಚ್ಚಲು ಬಾವು, ಕಾಲುನೋವು ಇದ್ದರೂ ಹೀಗೇ ಮಾಡುತ್ತದೆ. ಆದ್ದರಿಂದ ಪಶುವೈದ್ಯರಿಗೂ ತೋರಿಸಿ, ಎಲೆಕ್ಟ್ರಿಷಿಯನ್‌ನಿಂದ ವೋಲ್ಟ್‌ಮೀಟರ್ ಹಿಡಿಸಿಯೂ ನೋಡಿ. ಕೈಯಿಂದ ಮುಟ್ಟಿ ಪರೀಕ್ಷೆ ಮಾತ್ರ ಬೇಡ.

ಪೂರ್ತಿ 230 ವೋಲ್ಟ್ ತಗುಲಿದರೆ 230 ÷ 500 = 0.46 ಆಂಪಿಯರ್. ಜೀವ ಉಳಿಯುವುದು ಕಷ್ಟ. 30 ಮಿಲಿಆಂಪಿಯರ್ ಸೋರುವಷ್ಟರಲ್ಲಿ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಬೇಕಾಗಿರುವುದು ಇದಕ್ಕೇ. ಎಂಸಿಬಿ ಇದ್ದರೆ ಸಾಕು ಎಂದುಕೊಳ್ಳಬೇಡಿ. ಅದು ಕಾಯುವುದು ವೈರನ್ನು, ಜೀವವನ್ನಲ್ಲ.

ಈ ವಾರ ಇಷ್ಟು ಮಾಡಿ

• ಪ್ರತಿ ಯಂತ್ರದ ಫಲಕದಲ್ಲಿರುವ ವೋಲ್ಟ್, ಆಂಪಿಯರ್ ಅಂಕಿಗಳನ್ನು ಹಾಲಿನ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ.
• ಕೊಟ್ಟಿಗೆಯ ವೈರಿನ ದಪ್ಪ ಆ ಆಂಪಿಯರಿಗೆ ತಕ್ಕದ್ದೇ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ.
• ಮೋಟರ್, ಕಬ್ಬಿಣದ ಕಂಬ, ತೊಟ್ಟಿಗೆ ಅರ್ಥಿಂಗ್ ಮಾಡಿಸಿ. ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.
• ಮೋಟರ್ ಗುಂಯ್ ಎಂದರೆ ತಕ್ಷಣ ಆರಿಸಿ. ವೋಲ್ಟೇಜ್ ಪದೇ ಪದೇ ಇಳಿದರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ.
• ರಾಡಿನ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

ಮುಂದಿನ ಬಟವಾಡೆಯ ದಿನ ಸಂಘದಲ್ಲಿ ಸೇರಿದಾಗ ನಿಮ್ಮ ಅಂಕಿಗಳನ್ನು ಒಬ್ಬರಿಗೊಬ್ಬರು ತೋರಿಸಿ. ಭಾಗಾಕಾರ ಒಂದು, ಗುಣಾಕಾರ ಒಂದು. ಒಂದು ಹೈನಿನ ಬೆಲೆಯ ಮುಂದೆ ಒಳ್ಳೆಯ ವೈರಿನ ಖರ್ಚು ಎಷ್ಟೆಂಬ ಲೆಕ್ಕವನ್ನೂ ಜೊತೆಗೇ ಹಾಕಿ ನೋಡಿ.