ಕಾರು ತಿರುಗಿಸುವಾಗ ‘ಟಕ್ ಟಕ್’ ಸದ್ದು: ಡ್ರೈವ್ ಶಾಫ್ಟ್ ಪೂರ್ತಿ ಬದಲಿಸಲೇಬೇಕೆ?

“ಕಾರು ತಿರುಗಿಸುವಾಗ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು ಬಂದರೆ ಡ್ರೈವ್ ಶಾಫ್ಟ್ ಹೋಗಿದೆ ಎಂದೇ ಅರ್ಥ. ಕೂಡಲೇ ಎರಡೂ ಕಡೆ ಬದಲಿಸಿ. ಇಲ್ಲದಿದ್ದರೆ ಓಡುವಾಗಲೇ ಚಕ್ರ ಕಳಚಿ ಬೀಳುತ್ತದೆ. ಎಲ್ಲರಿಗೂ ತಿಳಿಸಿ!”

ಇಂಥದೊಂದು ಸಂದೇಶ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂತು. ಅದರ ಕೆಳಗೇ ಚಿಕ್ಕಪ್ಪನ ಉತ್ತರ: “ಏನೂ ಆಗಲ್ಲ, ಸ್ವಲ್ಪ ಗ್ರೀಸ್ ತುಂಬಿಸಿದ್ರೆ ಸಾಕು.” ಎರಡರಲ್ಲೂ ಅರ್ಧ ಸತ್ಯವಿದೆ. ಮೊದಲನೆಯದನ್ನು ನಂಬಿದರೆ ಬೇಡದ ಖರ್ಚು. ಎರಡನೆಯದನ್ನು ನಂಬಿದರೆ ನೂರುಗಳಲ್ಲಿ ಮುಗಿಯುವ ಕೆಲಸ ಸಾವಿರಗಳಿಗೆ ಏರುತ್ತದೆ. ಹಾಗಾದರೆ ಆ ಸದ್ದಿನ ನಿಜವಾದ ಅರ್ಥವೇನು?

ಡ್ರೈವ್ ಶಾಫ್ಟ್ ಅಂದರೆ ಏನು?

ಎಂಜಿನ್‌ನ ಶಕ್ತಿ ಗೇರ್‌ಬಾಕ್ಸ್‌ಗೆ ಬರುತ್ತದೆ. ಅಲ್ಲಿಂದ ಚಕ್ರಕ್ಕೆ ಅದನ್ನು ತಲುಪಿಸುವ ಉಕ್ಕಿನ ದಂಡವೇ ಡ್ರೈವ್ ಶಾಫ್ಟ್. ಅನೇಕ ಗ್ಯಾರೇಜುಗಳಲ್ಲಿ ಇದನ್ನೇ ‘ಆಕ್ಸಲ್’ ಎನ್ನುತ್ತಾರೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಶಕ್ತಿ ಹೋಗುತ್ತಿದ್ದದ್ದು ಹಿಂದಿನ ಚಕ್ರಗಳಿಗೆ. 1983ರಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತಿದ್ದವು. ಇವತ್ತು ನಮ್ಮ ರಸ್ತೆಯ ಬಹುಪಾಲು ಸಣ್ಣ ಕಾರುಗಳು ಇದೇ ರೀತಿಯವು. ಇವುಗಳಲ್ಲಿ ಮುಂದೆ ಎರಡು ಡ್ರೈವ್ ಶಾಫ್ಟ್‌ಗಳಿರುತ್ತವೆ, ಎಡಕ್ಕೊಂದು ಬಲಕ್ಕೊಂದು.

ಮುಂದಿನ ಚಕ್ರಕ್ಕೆ ಮೂರು ಕೆಲಸ. ಅದು ತಿರುಗಿ ಓಡಬೇಕು, ಸ್ಟೀರಿಂಗ್ ಹೇಳಿದಂತೆ ಪಕ್ಕಕ್ಕೆ ಹೊರಳಬೇಕು, ಗುಂಡಿ ಬಂದಾಗ ಮೇಲೆ ಕೆಳಗೆ ಆಡಬೇಕು. ನೆಟ್ಟಗಿನ ಒಂದೇ ದಂಡದಿಂದ ಇದು ಸಾಧ್ಯವಿಲ್ಲ. ಅದಕ್ಕಾಗಿ ಶಾಫ್ಟ್‌ನ ಎರಡೂ ತುದಿಯಲ್ಲಿ ನಮ್ಮ ಮಣಿಕಟ್ಟಿನಂತೆ ಬಾಗುವ ಕೀಲುಗಳಿವೆ. ಇವೇ ಸಿವಿ ಜಾಯಿಂಟ್‌ಗಳು. ಚಕ್ರದ ಕಡೆಯದು ‘ಔಟರ್’, ಗೇರ್‌ಬಾಕ್ಸ್ ಕಡೆಯದು ‘ಇನ್ನರ್’. ಔಟರ್ ಒಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ತಮ್ಮ ತಮ್ಮ ಕಾಲುವೆಗಳಲ್ಲಿ ಉರುಳುತ್ತಿರುತ್ತವೆ. ಎಷ್ಟೇ ಬಾಗಿದರೂ ಚಕ್ರ ಒಂದೇ ವೇಗದಲ್ಲಿ ಸುತ್ತುವಂತೆ ನೋಡಿಕೊಳ್ಳುವುದು ಇದರ ಕೆಲಸ.

ಈ ಗುಂಡುಗಳಿಗೆ ಗ್ರೀಸ್ ಬೇಕು. ಆ ಗ್ರೀಸ್ ಹೊರಹೋಗದಂತೆ, ಹೊರಗಿನ ನೀರು, ಮಣ್ಣು ಒಳಬರದಂತೆ ಕಾಯುವುದು ಒಂದು ಕಪ್ಪು ರಬ್ಬರ್ ಚೀಲ. ಅಕಾರ್ಡಿಯನ್‌ನಂತೆ ಮಡಿಕೆ ಮಡಿಕೆಯಾಗಿರುವ ಇದಕ್ಕೆ ‘ಬೂಟ್’ ಎಂದು ಹೆಸರು. ಕೆಲವು ಬೂಟ್‌ಗಳು ಪ್ಲಾಸ್ಟಿಕ್‌ನವೂ ಇರುತ್ತವೆ.

ರೋಗ ಶುರುವಾಗುವುದು ರಬ್ಬರಿನಲ್ಲಿ

ಉಕ್ಕಿನ ಶಾಫ್ಟ್ ತಾನಾಗಿ ಮುರಿಯುವುದು ಅಪರೂಪ. ಹೆಚ್ಚಾಗಿ ಮೊದಲು ಹರಿಯುವುದು ಈ ಬೂಟ್. ವಯಸ್ಸಾಗಿ ಗಡಸಾದ ರಬ್ಬರಿಗೆ ಒಂದು ಚೂಪಾದ ಕಲ್ಲು ತಾಗಿದರೂ ಸಾಕು. ಚಕ್ರ ಸುತ್ತುವ ರಭಸಕ್ಕೆ ಗ್ರೀಸ್ ಹೊರಗೆ ಸಿಡಿಯುತ್ತದೆ, ಮಳೆಗಾಲದ ಕೆಸರುನೀರು ಒಳಗೆ ಹೋಗುತ್ತದೆ. ಮಣ್ಣು ಬೆರೆತ ಗ್ರೀಸ್ ಉಪ್ಪುಕಾಗದದಂತೆ ಗುಂಡುಗಳನ್ನೂ ಕಾಲುವೆಗಳನ್ನೂ ತಿಕ್ಕಲು ಶುರುಮಾಡುತ್ತದೆ. ಸದ್ದು ಬರುವುದು ಇದೆಲ್ಲ ಆದ ಮೇಲೆ. ಅಂದರೆ ‘ಟಕ್ ಟಕ್’ ಸದ್ದು ಮೊದಲ ಎಚ್ಚರಿಕೆಯಲ್ಲ, ಬಹಳ ತಡವಾಗಿ ಬಂದ ಎಚ್ಚರಿಕೆ.

ಯಾವ ಲಕ್ಷಣಕ್ಕೆ ಏನು ಅರ್ಥ?

ಸದ್ದು ‘ಎಂಥದು’ ಎನ್ನುವುದಕ್ಕಿಂತ ‘ಯಾವಾಗ ಬರುತ್ತದೆ’ ಎನ್ನುವುದು ಮುಖ್ಯ.

1. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸ್ ಸಿಡಿದ ಕಲೆ: ಬೂಟ್ ಹರಿದಿರಬಹುದು. ಸದ್ದು ಇನ್ನೂ ಬಂದಿಲ್ಲವಾದರೆ ನಿಮ್ಮ ಅದೃಷ್ಟ. ಅಗ್ಗದಲ್ಲಿ ಮುಗಿಸಲು ಇದೇ ಸಮಯ.

2. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ‘ಟಕ್ ಟಕ್’: ಔಟರ್ ಜಾಯಿಂಟ್ ಸವೆದಿರುವ ಸಾಧ್ಯತೆ ಹೆಚ್ಚು. ವೇಗ ಹೆಚ್ಚಿದಂತೆ ಟಕ್‌ಟಕ್ ಕೂಡ ಬೇಗ ಬೇಗ ಬರುತ್ತದೆ.

3. ಆಕ್ಸಿಲರೇಟರ್ ಒತ್ತಿದಾಗ ನಡುಕ, ಕಾಲು ತೆಗೆದರೆ ಮಾಯ: ಇನ್ನರ್ ಜಾಯಿಂಟ್ ಮೇಲೆ ಅನುಮಾನ.

4. ರಿವರ್ಸ್‌ನಿಂದ ಫಸ್ಟ್ ಗೇರಿಗೆ ಹಾಕಿ ಹೊರಟಾಗ ‘ಧಡ್’ ಎಂಬ ಒಂದೇ ಸದ್ದು: ಜಾಯಿಂಟ್ ಇರಬಹುದು, ಎಂಜಿನ್ ಮೌಂಟಿಂಗ್ ಕೂಡ ಇರಬಹುದು. ಎರಡನ್ನೂ ನೋಡಿಸಿ.

ಈ ಕೆಳಗಿನವಕ್ಕೆ ಬಹುತೇಕ ಡ್ರೈವ್ ಶಾಫ್ಟ್ ಕಾರಣವಲ್ಲ:

- ನೇರ ರಸ್ತೆಯಲ್ಲೂ ‘ಗೂಂ’ ಎನ್ನುತ್ತ ವೇಗದ ಜೊತೆ ಏರುವ ಸದ್ದು: ವೀಲ್ ಬೇರಿಂಗ್ ಅಥವಾ ಟೈರ್.
- ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ನಡುಗುವುದು, ಕಾಲು ತೆಗೆದರೂ ನಿಲ್ಲದಿರುವುದು: ವೀಲ್ ಬ್ಯಾಲೆನ್ಸಿಂಗ್.
- ಬ್ರೇಕ್ ಒತ್ತಿದಾಗ ಮಾತ್ರ ನಡುಕ: ಬ್ರೇಕ್ ಡಿಸ್ಕ್.
- ಹಂಪ್, ಗುಂಡಿಗಳಲ್ಲಿ ಮಾತ್ರ ‘ಲೊಟ ಲೊಟ’: ಸಸ್ಪೆನ್ಷನ್.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಸ್ಟೀರಿಂಗನ್ನು ಒಂದು ಕಡೆಗೆ ತಿರುಗಿಸಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಗೆ ಬಂದು ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಹಿಂಬದಿಗೆ ಇಣುಕಿ. ಬೂಟ್‌ನ ಮಡಿಕೆಗಳಲ್ಲಿ ಬಿರುಕು, ಸುತ್ತಮುತ್ತ ಗ್ರೀಸ್ ಇದೆಯೇ ನೋಡಿ. ಜ್ಯಾಕ್ ಹಾಕಿ ಕಾರಿನ ಕೆಳಗೆ ನುಸುಳುವ ಸಾಹಸ ಮಾತ್ರ ಬೇಡ.

ಆಮೇಲೆ ಜನ ಓಡಾಡದ ಖಾಲಿ ಮೈದಾನದಲ್ಲಿ ಕಿಟಕಿ ಇಳಿಸಿ, ಫಸ್ಟ್ ಗೇರಿನಲ್ಲಿ ನಿಧಾನವಾಗಿ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹಾಕಿ. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಪಕ್ಕದಲ್ಲಿ ಕೂತವರಿಗೆ ಹೇಳಿ. ಮೆಕ್ಯಾನಿಕ್‌ಗೆ “ಏನೋ ಸದ್ದು ಬರ್ತಿದೆ” ಎನ್ನುವುದಕ್ಕಿಂತ ಇದನ್ನು ಕೇಳಿಸುವುದು ಒಳ್ಳೆಯದು. ಎಡಕ್ಕೆ ತಿರುಗಿಸಿದಾಗ ಸದ್ದು ಬಂದರೆ ಬಲಗಡೆಯ ಜಾಯಿಂಟ್ ಹೋಗಿದೆ ಎಂಬ ಲೆಕ್ಕವೂ ಓಡಾಡುತ್ತದೆ. ಅದು ಊಹೆಗೆ ಸಾಕು, ಬಿಡಿಭಾಗ ಕೊಳ್ಳಲು ಸಾಲದು. ತಿರುವಿನಲ್ಲಿ ಎರಡೂ ಕಡೆಯ ಜಾಯಿಂಟ್‌ಗಳು ಬಾಗುತ್ತವೆ.

ಖರ್ಚು ಎಷ್ಟು?

ಇದು ಮೂರು ಮೆಟ್ಟಿಲಿನ ಲೆಕ್ಕ. ಕೆಳಗಿನವು ಸಣ್ಣ ಕಾರುಗಳಿಗೆ ಅನ್ವಯಿಸುವ ಸ್ಥೂಲ ಅಂದಾಜು. ಕಾರಿನ ಮಾಡೆಲ್, ಊರು, ಬಿಡಿಭಾಗದ ಕಂಪನಿ ನೋಡಿ ಹೆಚ್ಚು ಕಡಿಮೆಯಾಗುತ್ತದೆ.

- ಬೂಟ್ ಮಾತ್ರ: ಗ್ರೀಸ್, ಕ್ಲಿಪ್ ಸೇರಿದ ಕಿಟ್‌ಗೆ ಸುಮಾರು ₹300ರಿಂದ ₹1,000.
- ಒಂದು ಜಾಯಿಂಟ್: ಸುಮಾರು ₹1,500ರಿಂದ ₹4,000.
- ಪೂರ್ತಿ ಶಾಫ್ಟ್: ಒಂದು ಕಡೆಗೆ ಸುಮಾರು ₹5,000ದಿಂದ ₹10,000. ದೊಡ್ಡ ಕಾರುಗಳಲ್ಲಿ ಇದು ಹಲವು ಪಟ್ಟು.

ಇದರ ಮೇಲೆ ಕೂಲಿ. ಬೂಟ್ ಹಾಕಲಿ, ಔಟರ್ ಜಾಯಿಂಟ್ ಹಾಕಲಿ, ಬಿಚ್ಚುವ ಕೆಲಸ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದು ಬೂಟ್ ಹರಿದು ಶಾಫ್ಟ್ ಹೊರಬಂದಾಗ, ಅದೇ ಶಾಫ್ಟ್‌ನ ಇನ್ನೊಂದು ಹಳೆಯ ಬೂಟನ್ನೂ ಬದಲಿಸುವುದು ಲಾಭ. ಶಾಫ್ಟ್ ಎಳೆದಾಗ ಗೇರ್‌ಬಾಕ್ಸ್ ಆಯಿಲ್ ಸೋರಬಹುದು, ಆಯಿಲ್ ಸೀಲ್ ಹೊಸದು ಬೇಕಾಗಬಹುದು. ಇವು ಬಿಲ್ಲಿನಲ್ಲಿ ಬಂದರೆ ಮೋಸ ಎಂದುಕೊಳ್ಳಬೇಡಿ. ಸಾಮಾನ್ಯ ವಾಹನ ವಿಮೆ ಸವೆತಕ್ಕೆ ಹಣ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಗ್ರೀಸ್ ತುಂಬಿಸಿದರೆ ಸಾಲದೇ?

ಬೂಟ್ ಹರಿದು ಕೆಲವೇ ದಿನಗಳಾಗಿದ್ದು, ಸದ್ದು ಇಲ್ಲದಿದ್ದರೆ, ಜಾಯಿಂಟನ್ನು ಬಿಚ್ಚಿ ತೊಳೆದು ಹೊಸ ಗ್ರೀಸ್, ಹೊಸ ಬೂಟ್ ಹಾಕಿದರೆ ಸಾಕು. ಆದರೆ ಸದ್ದು ಶುರುವಾದ ಮೇಲೆ ಉಕ್ಕು ಸವೆದಾಗಿದೆ. ಹೊಸ ಗ್ರೀಸ್ ಕೆಲವು ದಿನ ಸದ್ದನ್ನು ಮುಚ್ಚಬಹುದು, ಸವೆದ ಉಕ್ಕನ್ನು ಮರಳಿ ತರುವುದಿಲ್ಲ.

ಈ ನಂಬಿಕೆ ಬಹುಶಃ ಹಳೆಯ ಗಾಡಿಗಳಿಂದ ಬಂದಿದೆ. ಜೀಪಿನಂಥ ಹಿಂಚಕ್ರದ ಗಾಡಿಗಳಲ್ಲಿ ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇರುತ್ತದೆ. ಅದರ ‘ಕ್ರಾಸ್’ ಜಾಯಿಂಟ್‌ಗೆ ಆಗಾಗ ಗ್ರೀಸ್ ಹೊಡೆಯುವುದೇ ಆರೈಕೆ. ಸಿವಿ ಜಾಯಿಂಟ್ ಹಾಗಲ್ಲ, ಅದು ಮುಚ್ಚಿದ ವ್ಯವಸ್ಥೆ.

ಚಿಕ್ಕಪ್ಪನ ಕಾರಿನಲ್ಲಿ ಆದದ್ದೂ ಇದೇ. ಸರ್ವಿಸ್ ಬಿಲ್ಲಿನ ಕೊನೆಯಲ್ಲಿ ‘ಬೂಟ್ ಹರಿದಿದೆ’ ಎಂದು ಬರೆದಿದ್ದರು. “ಮುಂದಿನ ಸಲ ನೋಡೋಣ” ಎಂದು ಮಡಚಿಟ್ಟರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸದ್ದು ಶುರುವಾಗಿ, ಕೊನೆಗೆ ಆ ಬದಿಯ ಶಾಫ್ಟನ್ನೇ ಹಾಕಿಸಬೇಕಾಯಿತು.

ಚಕ್ರ ಕಳಚಿ ಬೀಳುತ್ತದೆಯೇ?

ಚಕ್ರವನ್ನು ಹಿಡಿದಿರುವುದು ಹಬ್, ಬೇರಿಂಗ್ ಮತ್ತು ವೀಲ್ ಬೋಲ್ಟ್‌ಗಳು. ಜಾಯಿಂಟ್ ಸವೆದ ಮಾತ್ರಕ್ಕೆ ಚಕ್ರ ಕಳಚುವುದಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಜಾಯಿಂಟ್ ಪೂರ್ತಿ ಕೈಕೊಟ್ಟರೆ ಗೇರ್ ಹಾಕಿದರೂ ಎಂಜಿನ್ ಸುಮ್ಮನೆ ಅರಚುತ್ತದೆ, ಕಾರು ಕದಲುವುದಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ಮುಂದೆ, ಘಾಟಿಯ ಏರಿನಲ್ಲಿ ಹೀಗಾದರೆ ಏನು ಗತಿ?

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯವಿದೆ. ಶಾಫ್ಟ್ ಮುರಿದ ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸಿದರೂ, ಆಟೊಮ್ಯಾಟಿಕ್ ಕಾರಿನಲ್ಲಿ ‘ಪಿ’ಗೆ ಹಾಕಿದರೂ ಇಳಿಜಾರಿನಲ್ಲಿ ಅದು ಉರುಳಬಹುದು. ಗೇರ್‌ಬಾಕ್ಸ್‌ಗೂ ಚಕ್ರಕ್ಕೂ ಇದ್ದ ಕೊಂಡಿಯೇ ತಪ್ಪಿರುತ್ತದಲ್ಲ! ಆಗ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಲೇಬೇಕು.

ಗ್ಯಾರೇಜಿನಲ್ಲಿ ಏನು ಕೇಳಬೇಕು?

“ಪೂರ್ತಿ ಶಾಫ್ಟ್ ಹಾಕಬೇಕು” ಎಂದರೆ “ಯಾವ ಜಾಯಿಂಟ್ ಹೋಗಿದೆ, ತೋರಿಸಿ” ಎನ್ನಿ. ಜಾಯಿಂಟ್ ಬಿಡಿಯಾಗಿ ಸಿಗುತ್ತದೆಯೇ, ಎರಡರ ಒಟ್ಟು ಖರ್ಚು ಎಷ್ಟು ಎಂದು ಬರೆಸಿಕೊಳ್ಳಿ. ಕೆಲವು ಮಾಡೆಲ್‌ಗಳಿಗೆ ಬಿಡಿ ಜಾಯಿಂಟ್ ಸಿಗುವುದಿಲ್ಲ, ಆಗ ಪೂರ್ತಿ ಶಾಫ್ಟ್ ಹಾಕುವುದೇ ಸರಿ. ಹಳೆಯ ಭಾಗವನ್ನು ವಾಪಸ್ ಕೇಳಿ. ಒಂದು ಕಡೆ ಹಾಳಾದ ಮಾತ್ರಕ್ಕೆ ಇನ್ನೊಂದು ಕಡೆಯನ್ನೂ ಬದಲಿಸಬೇಕಿಲ್ಲ, ಅದನ್ನು ಪರೀಕ್ಷಿಸಿದರೆ ಸಾಕು.

ಹಾಗಾದರೆ ಆ ಸಂದೇಶ ನಿಜವೇ?

ಭಾಗಶಃ ಮಾತ್ರ. ತಿರುವಿನಲ್ಲಿ ಬರುವ ‘ಟಕ್ ಟಕ್’ ಸದ್ದನ್ನು ಕಡೆಗಣಿಸಬಾರದು ಎಂಬುದು ನಿಜ. ಎರಡೂ ಶಾಫ್ಟ್ ಬದಲಿಸಲೇಬೇಕು, ಚಕ್ರ ಕಳಚುತ್ತದೆ ಎಂಬುದು ಸುಳ್ಳು. ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ: “ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮುಂದಿನ ಚಕ್ರಗಳ ಹಿಂದಿನ ರಬ್ಬರ್ ಬೂಟ್ ನೋಡಿ. ಹರಿದಿದ್ದರೆ ಅದೇ ವಾರ ಹಾಕಿಸಿ.”