‘ಡಾಕ್ಟರ್’ ಆದ ಮೇಲೂ ಟಾಟಾ ಗೇಟಿನ ಮುಂದೆ!

ಮೆಜೆಸ್ಟಿಕ್‌ನಿಂದ ಯಶವಂತಪುರದ ಕಡೆ ಬಸ್ಸು ಹತ್ತುವವರಿಗೆ ‘ಟಾಟಾ ಇನ್‌ಸ್ಟಿಟ್ಯೂಟ್’ ಸ್ಟಾಪ್ ಗೊತ್ತು. ಒಳಗೇನು ನಡೆಯುತ್ತೆ ಅಂದರೆ ಮಾತ್ರ ‘ಏನೋ ದೊಡ್ಡ ಓದು ಸ್ವಾಮಿ’ ಎಂದು ಸುಮ್ಮನಾಗುವವರೇ ಹೆಚ್ಚು.

ಮೈಸೂರು ಅರಸರು ಕೊಟ್ಟ 371 ಎಕರೆ ಜಾಗದಲ್ಲಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ ಇದು. 1958ರಿಂದ ವಿಶ್ವವಿದ್ಯಾಲಯಕ್ಕೆ ಸಮನಾದ ದರ್ಜೆ. ಓದಲು ಬರುವವರು ಸರಿ, ಓದೆಲ್ಲ ಮುಗಿಸಿ ಹೆಸರಿನ ಮುಂದೆ ‘ಡಾ.’ ಹಾಕಿಕೊಂಡವರೂ ಈ ಗೇಟಿಗೆ ಬರುತ್ತಾರೆ. ಇವರೇ ಪೋಸ್ಟ್ ಡಾಕ್ಟರಲ್ ಸಂಶೋಧಕರು.

ಪಿಎಚ್.ಡಿ. ಆದ ಮೇಲೂ ಓದೇ? ಅಲ್ಲ. ಪರೀಕ್ಷೆಯಿಲ್ಲ, ಪದವಿಯಿಲ್ಲ, ಇದು ದುಡಿಮೆ. ಲಾ ಪಾಸಾದವರು ಸೀನಿಯರ್ ವಕೀಲರ ಕೈಕೆಳಗೆ ಪಳಗುತ್ತಾರಲ್ಲ, ಹಾಗೆ.

ಏನು ಕೆಲಸ?

ಎಂಜಿನಿಯರಿಂಗ್ ವಿಭಾಗಗಳಲ್ಲಿ ಈಗ ಕಂಪ್ಯೂಟರ್ ಲೆಕ್ಕದ್ದೇ ಕಾರುಬಾರು. ವಿಮಾನದ ರೆಕ್ಕೆ ಮೇಲೆ ಗಾಳಿ ಹೇಗೆ ಹರಿಯುತ್ತೆ, ಸೇತುವೆ ಎಷ್ಟು ಭಾರ ತಡೆಯುತ್ತೆ, ಮುಂಗಾರು ಎತ್ತ ವಾಲುತ್ತೆ, ಎಲ್ಲವನ್ನೂ ಮೊದಲು ಲೆಕ್ಕದಲ್ಲಿ ಕಟ್ಟಿ ನೋಡಬೇಕು. ಅದಕ್ಕೆಂದೇ 2022ರಲ್ಲಿ ಇಲ್ಲಿಗೆ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ ಬಂತು. ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕದ ಶಕ್ತಿ! ಆದರೆ ಯಂತ್ರಕ್ಕೆ ಸರಿಯಾದ ಪ್ರಶ್ನೆ ಹಾಕುವ ತಲೆ ಬೇಕಲ್ಲ? ಅಲ್ಲಿಯೇ ಈ ಹುದ್ದೆಗಳು.

ಕಾಸು ಎಷ್ಟು?

ಕೇಂದ್ರದ ಹಣದ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್‌ಗೆ 2023ರ ಜನವರಿಯಿಂದ ತಿಂಗಳಿಗೆ 58,000, 61,000, 67,000 ರೂ. ಎಂದು ಮೂರು ದರ್ಜೆ ಗೊತ್ತುಮಾಡಲಾಯಿತು. ಮನೆ ಬಾಡಿಗೆ ಭತ್ಯೆ ಬೇರೆ.

ಕೇಳಲು ಚೆನ್ನ. ಕೊಕ್ಕೆ ಇರುವುದು ಮುಂದೆ. ಹುದ್ದೆ ಕಾಯಂ ಅಲ್ಲ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೆಲಸ ನೋಡಿ ಮುಂದುವರಿಕೆ. ಯೋಜನೆಯ ಹಣ ಮುಗಿಯಿತೋ, ಹುದ್ದೆಯೂ ಮುಗಿಯಿತು. ಸ್ವಂತ ಅರ್ಜಿಯ ಮೇಲೆ ಸಿಗುವ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿಗೂ ಎರಡೇ ವರ್ಷದ ಆಯುಸ್ಸು. ವಯಸ್ಸು 35 ದಾಟಿರಬಾರದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಐದು ವರ್ಷ ರಿಯಾಯಿತಿ ಉಂಟು.

ಪಿಎಚ್.ಡಿ. ಮುಗಿಯುವಷ್ಟರಲ್ಲೇ ಮೂವತ್ತರ ಹತ್ತಿರ. ಊರಿನಲ್ಲಿ ಅಪ್ಪ ಅಂಗಡಿ ಗಲ್ಲಾದಲ್ಲಿ ಕೂತು ‘ಮಗನಿಗೆ ಇನ್ನೂ ಕಾಯಂ ಆಗಿಲ್ವೆ?’ ಎಂಬ ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಡಬೇಕು. ಮಗಳಾದರೆ ಮದುವೆ ಮಾತು ಬೇರೆ. ಎರಡು ವರ್ಷ ಇಲ್ಲಿ, ಎರಡು ವರ್ಷ ಇನ್ನೊಂದೂರಲ್ಲಿ ಎಂದರೆ ಸಂಸಾರ ಎಲ್ಲಿ ಹೂಡುವುದು?

ಬಾಗಿಲು ತಟ್ಟುವ ಬಗೆ

ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆಯುವುದೇ ರೂಢಿ. ಒಂದೇ ಪತ್ರವನ್ನು ಐವತ್ತು ಮಂದಿಗೆ ಕಳಿಸಿದರೆ ಕಸದ ಬುಟ್ಟಿಯೇ ಗತಿ. ಆ ಪ್ರಾಧ್ಯಾಪಕರ ಎರಡು ಪ್ರಬಂಧ ಓದಿ, ತಾನು ಅದಕ್ಕೆ ಏನು ಸೇರಿಸಬಲ್ಲೆ ಎಂದು ಒಂದು ಪುಟದಲ್ಲಿ ಹೇಳಿದವನಿಗೆ ಉತ್ತರ ಬರುವ ಸಂಭವ ಹೆಚ್ಚು. ಗೈಡ್ ಕೊಡುವ ಶಿಫಾರಸು ಪತ್ರವೂ ಕೈಯಲ್ಲಿರಲಿ.

ಕರೆ ಬಂತೆಂದು ಕುಣಿಯುವ ಮುನ್ನ ಸಂಕೋಚ ಬಿಟ್ಟು ಎರಡು ಮಾತು ಕೇಳಬೇಕು. ಯೋಜನೆಯಲ್ಲಿ ಇನ್ನೆಷ್ಟು ತಿಂಗಳ ಹಣ ಉಳಿದಿದೆ? ಹಿಂದೆ ಈ ಕುರ್ಚಿಯಲ್ಲಿ ಕೂತವರು ಈಗ ಎಲ್ಲಿದ್ದಾರೆ? ಅಂಗಡಿ ಬಾಡಿಗೆಗೆ ಹಿಡಿಯುವವನೂ ಕರಾರು ಎಷ್ಟು ದಿನದ್ದು ಅಂತ ವಿಚಾರಿಸಿಯೇ ಅಡ್ವಾನ್ಸ್ ಕೊಡೋದು. ವಯಸ್ಸನ್ನೇ ಅಡ್ವಾನ್ಸ್ ಕೊಡುವವರು ಕೇಳಿದರೆ ತಪ್ಪೇನು?